ಹುಲ್ಲನ್ನು ಸಕ್ಕರೆ ಮಾಡುವ ಬೂಷ್ಟು

ಕಾಳುಮೆಣಸು, ಶುಂಠಿ ಬೆಳೆಯುವವರಿಗೆ ಟ್ರೈಕೋಡರ್ಮಾ ಹೊಸ ಹೆಸರಲ್ಲ. ಸೊರಗು ರೋಗ ಬರದಿರಲಿ ಅಂತ ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಬುಡಕ್ಕೆ ಹಾಕುತ್ತಾರೆ. ಅದೇ ಕುಲದ ಇನ್ನೊಂದು ಬೂಷ್ಟು ಟ್ರೈಕೋಡರ್ಮಾ ರೀಸಿ. ಎರಡನೇ ಮಹಾಯುದ್ಧದ ಹೊತ್ತಿಗೆ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರ ಹತ್ತಿ ಡೇರೆಗಳು ಬೇಗ ಬೇಗ ಲಡ್ಡಾಗುತ್ತಿದ್ದವು, ಅದಕ್ಕೆ ಕಾರಣ ಹುಡುಕುವಾಗ ಸಿಕ್ಕಿದ್ದು ಇದು. ಎಲ್ವಿನ್ ರೀಸ್, ಮೇರಿ ಮ್ಯಾಂಡೆಲ್ಸ್ ಸೇನೆಯ ಲ್ಯಾಬಿನಲ್ಲಿ ವರ್ಷಗಟ್ಟಲೆ ಇದರ ಬೆನ್ನು ಹತ್ತಿದರು. ರೀಸಿ ಅನ್ನೋ ಹೆಸರು ಬಂದಿದ್ದು ಆ ರೀಸ್ ಅವರಿಂದಲೇ.

ಅಕ್ಕಿಯ ಪಿಷ್ಟದಲ್ಲೂ ಭತ್ತದ ಹುಲ್ಲಿನ ನಾರಾದ ಸೆಲ್ಯುಲೋಸಿನಲ್ಲೂ ಇರೋದು ಅದೇ ಗ್ಲೂಕೋಸ್. ಕೊಂಡಿ ಮಾತ್ರ ಬೇರೆ. ಸೆಲ್ಯುಲೋಸಿನ ಕೊಂಡಿ ಬಿಡಿಸುವ ಕಿಣ್ವ ನಮ್ಮ ದೇಹದಲ್ಲಿಲ್ಲ. ಈ ಬೂಷ್ಟಿನಲ್ಲಿದೆ, ಅದೂ ಒಂದಲ್ಲ, ಒಂದು ತಂಡವೇ ಇದೆ: ಒಂದು ಉದ್ದ ಸರಪಳಿಯನ್ನು ನಡುವೆ ಕತ್ತರಿಸುತ್ತದೆ, ಇನ್ನೊಂದು ತುದಿಯಿಂದ ಎರಡೆರಡು ಗ್ಲೂಕೋಸಿನ ಜೋಡಿಗಳನ್ನು ಬಿಡಿಸುತ್ತಾ ಬರುತ್ತದೆ, ಮೂರನೆಯದು ಆ ಜೋಡಿಯನ್ನು ಒಡೆಯುತ್ತದೆ. ಒಟ್ಟಾಗಿ ಇವಕ್ಕೆ ಸೆಲ್ಯುಲೇಸ್ ಅನ್ನುತ್ತಾರೆ. ಮೂರನೆಯದು ರೀಸಿಯಲ್ಲಿ ಕಡಿಮೆ. ಅದನ್ನು ತುಂಬಿಕೊಳ್ಳಲು ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟನ್ನು ಜೊತೆಗೆ ಬೆಳೆಸುವುದುಂಟು.

ರೀಸಿಗೆ ಗ್ಲೂಕೋಸ್ ನೀರು ಕೊಟ್ಟು ಬೆಳೆಸಿದರೆ ಚೆನ್ನಾಗಿ ಬೆಳೆಯುತ್ತದೆ, ಆದರೆ ಕಿಣ್ವ ಹೆಚ್ಚುಕಡಿಮೆ ಬರುವುದೇ ಇಲ್ಲ. ಮನೆಯಲ್ಲಿ ಅನ್ನ ಸಿದ್ಧವಿರುವಾಗ ಭತ್ತ ಕುಟ್ಟುವವರು ಯಾರು? ಗ್ಲೂಕೋಸ್ ಸುಲಭವಾಗಿ ಸಿಗುತ್ತಿದ್ದರೆ ಅದು ಕಿಣ್ವದ ಜೀನುಗಳನ್ನು ಸುಮ್ನೆ ಮುಚ್ಚಿಬಿಡುತ್ತದೆ. ಹುಲ್ಲು, ಜೋಳದ ದಂಟು, ಕಬ್ಬಿನ ರವದಿ ಕೊಟ್ಟಾಗ ದುಡಿಯುತ್ತದೆ. ಹಾಗಾಗಿ ಹೊಲದ ಕಸ ಇಲ್ಲಿ ಬರೀ ಅಗ್ಗದ ಆಹಾರವಲ್ಲ, ಕಿಣ್ವ ಹೊರಡಿಸುವ ಕೀಲಿಯೂ ಹೌದು. ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಇಷ್ಟವಾಗುವುದು ಇದೇ.

ಮಾಡುವ ರೀತಿ ಸರಳ. ಹುಲ್ಲನ್ನು ಸಣ್ಣಗೆ ಕತ್ತರಿಸಿ, ಕ್ಷಾರದಲ್ಲೋ ಹಬೆಯಲ್ಲೋ ಸ್ವಲ್ಪ ಮೆತ್ತಗಾಗಿಸಬೇಕು, ಇಲ್ಲದಿದ್ದರೆ ನಾರನ್ನು ಸುತ್ತಿಕೊಂಡಿರುವ ಗಟ್ಟಿ ಅಂಟು, ಲಿಗ್ನಿನ್, ಅಡ್ಡ ಬರುತ್ತದೆ. ಸ್ವಲ್ಪ ಗೋಧಿ ಬೂಸಾ, ಸಾರಜನಕದ ಲವಣ ಸೇರಿಸಿ, ಮುಟ್ಟಿದರೆ ಒದ್ದೆ ಆದರೆ ಹಿಂಡಿದರೆ ನೀರು ಸುರಿಯದಷ್ಟು ತೇವ ಮಾಡಿ, ಬೇಯಿಸಿ, ಆರಿದ ಮೇಲೆ ಬೀಜಕಣ ಬಿತ್ತುತ್ತಾರೆ. ಮೊದಲು ಬಿಳಿ ನೂಲಿನ ಹಾಗೆ ಹರಡಿಕೊಳ್ಳುತ್ತದೆ, ಆಮೇಲೆ ಹಸಿರು ಪುಡಿ ಕಾಣಿಸುತ್ತದೆ. ಸಾಮಾನ್ಯವಾಗಿ ವಾರದೊಳಗೆ ನೀರಲ್ಲಿ ಕಲಸಿ ಸೋಸಿದರೆ ಕಿಣ್ವದ ರಸ ಕೈಗೆ ಬರುತ್ತದೆ.

ಲ್ಯಾಬಿನ ಫ್ಲಾಸ್ಕಿನಲ್ಲಿ ಇದೆಲ್ಲ ಸಲೀಸು. ಕ್ವಿಂಟಾಲುಗಟ್ಟಲೆ ಮಾಡಲು ಹೋದಾಗಲೇ ತೊಂದರೆ ಶುರು. ಬೂಷ್ಟು ಬೆಳೆಯುವಾಗ ಬಿಸಿ ಹುಟ್ಟುತ್ತದೆ, ಹುಲ್ಲಿನ ರಾಶಿಯಿಂದ ಆ ಬಿಸಿ ಹೊರಗೆ ಹೋಗುವುದಿಲ್ಲ. 30 ಡಿಗ್ರಿ ಆಸುಪಾಸಿನಲ್ಲಿ ಹಾಯಾಗಿರುವ ಜೀವ ರಾಶಿಯ ನಡುವೆ ಸೊರಗುತ್ತದೆ. ಅದಕ್ಕೇ ತಟ್ಟೆಗಳಲ್ಲಿ ತೆಳುವಾಗಿ ಹರಡುವುದು, ತೇವದ ಗಾಳಿ ಹಾಯಿಸುವುದು. ದೊಡ್ಡ ಕಂಪನಿಗಳು ಹೆಚ್ಚಾಗಿ ದ್ರವದ ಟ್ಯಾಂಕುಗಳನ್ನೇ ನಂಬುವುದಕ್ಕೆ ಇದೊಂದು ಕಾರಣ.

ರಸಕ್ಕೆ ಎಷ್ಟು ಬಲವಿದೆ ಅಂತ ಅಳೆಯುವ ಪರೀಕ್ಷೆ ನೋಡೋಕೆ ಚೆಂದ. 1 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಉದ್ದದ ಫಿಲ್ಟರ್ ಕಾಗದದ ಪಟ್ಟಿಯನ್ನು ರಸದಲ್ಲಿ ಅದ್ದಿ, 50 ಡಿಗ್ರಿಯಲ್ಲಿ ಒಂದು ಗಂಟೆ ಇಡಬೇಕು. ಆಮೇಲೆ ಸಕ್ಕರೆ ಇದ್ದರೆ ಬಣ್ಣ ಬದಲಿಸುವ ಡಿಎನ್‌ಎಸ್ ಎಂಬ ದ್ರಾವಣ ಹಾಕಿ ಕುದಿಸಿದರೆ ಹಳದಿ ಬಣ್ಣ ಕಂದುಗೆಂಪಿಗೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಕಾಗದದಿಂದ ಬಂದ ಸಕ್ಕರೆ ಜಾಸ್ತಿ. ಜಗತ್ತಿನ ಲ್ಯಾಬುಗಳು ಅನುಸರಿಸುವ ಈ ಕ್ರಮವನ್ನು 1987ರಲ್ಲಿ ಬರೆದುಕೊಟ್ಟವರು ದೆಹಲಿ ಐಐಟಿಯ ಟಿ. ಕೆ. ಘೋಷ್.

ಜೀನ್ಸ್ ಬಟ್ಟೆಗೆ ಹಳತಾದ ನೋಟ ಕೊಡಲು, ಡಿಟರ್ಜೆಂಟಿಗೆ, ಪಶು ಆಹಾರಕ್ಕೆ ಸೆಲ್ಯುಲೇಸ್ ಈಗಾಗಲೇ ಬಳಕೆಯಲ್ಲಿದೆ. ಭತ್ತದ ಹುಲ್ಲಿನಿಂದ ಎಥೆನಾಲ್ ಮಾಡುವ ಇಂಡಿಯನ್ ಆಯಿಲ್ ಘಟಕ 2022ರಲ್ಲಿ ಪಾಣಿಪತ್ತಿನಲ್ಲಿ ಉದ್ಘಾಟನೆಯಾಯಿತು. ಇಂಥ ಕಡೆ ಕಿಣ್ವದ ಖರ್ಚು ದೊಡ್ಡ ಹೊರೆ. ಹುಲ್ಲು ಒಡೆಯಲು ಅಪ್ಪಟ ಕಿಣ್ವವೇ ಬೇಕಿಲ್ಲ, ಸೋಸಿದ ಕಚ್ಚಾ ರಸವೂ ಸಾಕಾಗುತ್ತದೆ. ಶುದ್ಧ ಮಾಡುವ, ಒಣಗಿಸುವ, ದೂರದಿಂದ ಸಾಗಿಸುವ ಖರ್ಚು ಉಳಿಯಬೇಕಾದರೆ ಬಳಸುವ ಜಾಗದಲ್ಲೇ, ಅಲ್ಲಿನ ಹುಲ್ಲಿನ ಮೇಲೇ ಬೂಷ್ಟು ಬೆಳೆಸಬೇಕು. ರವದಿಗೆ ಬೆಂಕಿ ಹಚ್ಚುವ ನಮ್ಮ ಬೆಳಗಾವಿ, ಮಂಡ್ಯದ ಕಬ್ಬಿನ ಸೀಮೆಗಳಲ್ಲೂ ಇದನ್ನು ಮಾಡಿ ನೋಡಬಹುದು, ಅಲ್ವಾ?