ಗೊರ್ಯೊ ಕಾಲದ ಕೊಕ್ಕರೆ ಹೂಜಿ: ಬಣ್ಣ ಬಳಿದಿಲ್ಲ, ಮಣ್ಣು ತುಂಬಿದ್ದಾರೆ

ಕೊರಿಯಾದ ಮಣ್ಣಿನ ಪಾತ್ರೆಗಳ ಬಗ್ಗೆ ಓದಲು ಶುರು ಮಾಡಿದವರು ಮೊದಲು ಈ ಒಂದು ಹೂಜಿಯನ್ನು ಚೆನ್ನಾಗಿ ನೋಡಿ. ಇದು ಸೋಲ್ ನಗರದ ಕಾನ್ಸೊಂಗ್ ಮ್ಯೂಸಿಯಂನಲ್ಲಿದೆ. ಎತ್ತರ 42.1 ಸೆಂಟಿಮೀಟರ್. ಬಾಯಿ ತುಂಬ ಚಿಕ್ಕದು, ಭುಜ ಅಗಲ, ಕೆಳಗೆ ಬರುತ್ತಾ ಸಣ್ಣಗಾಗುತ್ತದೆ. ಈ ಆಕಾರಕ್ಕೆ 'ಮೇಬ್ಯೊಂಗ್' ಎನ್ನುತ್ತಾರೆ. ಆಕಾರವೂ ಹೆಸರೂ ಚೀನಾದಿಂದ ಬಂದವು, 'ಮೇ' ಅಂದರೆ ಪ್ಲಮ್ ಹೂವಿನ ಮರ, 'ಬ್ಯೊಂಗ್' ಅಂದರೆ ಸೀಸೆ. ಕೊರಿಯಾವನ್ನು ಗೊರ್ಯೊ ವಂಶ ಆಳುತ್ತಿದ್ದ ಕಾಲದ್ದು (918–1392).

ಹಸಿರು ಮೈ ತುಂಬ ಬಿಳಿ ಹಕ್ಕಿಗಳು, ಮೋಡಗಳು. ಹಕ್ಕಿ ಸರಿಯಾಗಿ ಹೇಳಬೇಕೆಂದರೆ ಕ್ರೇನ್, ನಾನು ಸುಮ್ನೆ ಕೊಕ್ಕರೆ ಎಂದೇ ಬರೆಯುತ್ತೇನೆ. ಫೋಟೊ ನೋಡಿದವರೆಲ್ಲ ಇದನ್ನು ಕುಂಚದಿಂದ ಬರೆದ ಚಿತ್ರ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಇಲ್ಲಿ ಕುಂಚದಿಂದ ಬರೆದ ಗೆರೆ ಒಂದೂ ಇಲ್ಲ. ಕೊರಿಯನ್ನರು ಈ ಕೆಲಸವನ್ನು 'ಸಾಂಗ್ಗಾಮ್' ಎಂದು ಕರೆಯುತ್ತಾರೆ.

ಹೇಗೆಂದರೆ, ತಿಗರಿಯ ಮೇಲೆ ಮಾಡಿದ ಹೂಜಿ ಪೂರ್ತಿ ಒಣಗುವ ಮೊದಲು, ಉಗುರು ಒತ್ತಿದರೆ ಗುರುತು ಬೀಳುವಷ್ಟು ಹಸಿ ಇರುವಾಗಲೇ, ಕೊಕ್ಕರೆಯ ಆಕಾರವನ್ನು ಮೈಯಲ್ಲಿ ಕೊರೆಯುತ್ತಾರೆ. ಆ ತಗ್ಗಿಗೆ ಬಿಳಿ ಮಣ್ಣನ್ನು ಕಲಸಿ ತುಂಬುತ್ತಾರೆ. ಒಣಗಿದ ಮೇಲೆ ಹೆಚ್ಚಾದದ್ದನ್ನು ಕೆರೆದು ತೆಗೆದರೆ ತಗ್ಗಿನೊಳಗಿನದು ಮಾತ್ರ ಉಳಿಯುತ್ತದೆ. ಕೊಕ್ಕು, ಕಾಲುಗಳಿಗೂ ಇದೇ ಕ್ರಮ, ಆದರೆ ತುಂಬುವುದು ಕೆಂಪು ಮಣ್ಣು. ಅದರಲ್ಲಿ ಕಬ್ಬಿಣ ಜಾಸ್ತಿ ಇರುವುದರಿಂದ ಬೆಂದ ಮೇಲೆ ಕಪ್ಪಾಗುತ್ತದೆ. ನನಗೆ ಬಹಳ ಹಿಡಿಸಿದ್ದು ಇಲ್ಲಿನ ಕಷ್ಟ: ಮೂರು ಬೇರೆ ಬೇರೆ ಮಣ್ಣು, ಒಣಗುವಾಗಲೂ ಬೇಯುವಾಗಲೂ ಮೂರೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಕುಗ್ಗಬೇಕು, ಇಲ್ಲದಿದ್ದರೆ ಕೊಕ್ಕರೆಯ ಅಂಚಿನಲ್ಲೇ ಬಿರುಕು ಬಿಡುತ್ತದೆ ಅಲ್ವಾ?

ನಂತರ ಆವಿಗೆಯಲ್ಲಿ ಒಂದು ಸಲ ಹದವಾಗಿ ಸುಟ್ಟು, ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಹಚ್ಚಿ, ಮತ್ತೆ ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಮೈ ಕಲ್ಲಿನಷ್ಟು ಗಟ್ಟಿಯಾಗುತ್ತದೆ, ಅದಕ್ಕೇ ಸ್ಟೋನ್‌ವೇರ್ ಎನ್ನುವುದು. ಹಸಿರು ಎಲ್ಲಿಂದ ಬಂತು? ಗ್ಲೇಜ್‌ನಲ್ಲಿರುವ ಸ್ವಲ್ಪ ಕಬ್ಬಿಣದಿಂದ. ಆವಿಗೆಗೆ ಗಾಳಿ ಕಡಿಮೆ ಮಾಡಿದರೆ ಬೆಂಕಿ ತನಗೆ ಬೇಕಾದ ಆಮ್ಲಜನಕವನ್ನು ಆ ಕಬ್ಬಿಣದ ಆಕ್ಸೈಡ್‌ನಿಂದಲೇ ಎಳೆದುಕೊಳ್ಳುತ್ತದೆ, ಆಗ ಹಸಿರು. ಗಾಳಿ ಧಾರಾಳವಾಗಿ ಆಡಿದರೆ ಹಳದಿ, ಕಂದು. 1123ರಲ್ಲಿ ಗೊರ್ಯೊಗೆ ಬಂದ ಚೀನಾದ ಸೊಂಗ್ ರಾಜ್ಯದ ರಾಯಭಾರಿ ತಂಡದ ಶು ಜಿಂಗ್, ಇಲ್ಲಿಯವರು ಈ ಹಸಿರನ್ನು 'ಬಿಸೇಕ್' ಎಂದು ಕರೆಯುತ್ತಾರೆ ಎಂದು ಬರೆದಿಟ್ಟಿದ್ದಾನೆ. ಕೊರೆದ ಹಕ್ಕಿ ಕಾಣಬೇಕಾದರೆ ಗ್ಲೇಜ್ ಗಾಜಿನಂತೆ ತಿಳಿಯಾಗಿರಬೇಕು, ಇದನ್ನೂ ನೆನಪಿಡಿ.

ಈಗ ಮತ್ತೆ ಕೊಕ್ಕರೆಗಳನ್ನು ನೋಡಿ. ಕೆಲವು ಕೊಕ್ಕರೆಗಳ ಸುತ್ತ ವೃತ್ತವಿದೆ. ವೃತ್ತದ ಒಳಗಿನವು ಮೇಲಕ್ಕೆ ಹಾರುತ್ತಿವೆ, ಹೊರಗಿನವು ಕೆಳಕ್ಕೆ. ಒಟ್ಟು 69. ಆದರೂ ಜನ ಇದನ್ನು 'ಸಾವಿರ ಕೊಕ್ಕರೆಯ ಹೂಜಿ' ಎನ್ನುತ್ತಾರೆ. ಹೂಜಿಯ ಸುತ್ತ ಒಂದು ಸುತ್ತು ಬಂದರೆ ಹಕ್ಕಿಗಳ ಸಾಲು ಎಲ್ಲೂ ಮುಗಿಯುವುದಿಲ್ಲ, ಆ ಹೆಸರು ಒಪ್ಪುತ್ತದೆ.

1935ರಲ್ಲಿ, ಕೊರಿಯಾ ಜಪಾನಿನ ಆಳ್ವಿಕೆಯಲ್ಲಿದ್ದಾಗ, ಹಳೆಯ ಕಲಾಕೃತಿಗಳನ್ನು ಸಂಗ್ರಹಿಸುತ್ತಿದ್ದ ಕೊರಿಯಾದ ಜೊನ್ ಹ್ಯೊಂಗ್‌ಪಿಲ್ ಇದನ್ನು ಒಬ್ಬ ಜಪಾನಿ ವ್ಯಾಪಾರಿಯಿಂದ 20,000 ವೊನ್‌ಗೆ ಕೊಂಡರು. ಆಗಿನ ಕಾಲಕ್ಕೆ ಅದು ಹಲವು ಮನೆಗಳ ಬೆಲೆ. 1938ರಲ್ಲಿ ಅವರು ಕಟ್ಟಿದ ಮ್ಯೂಸಿಯಂ ಇವತ್ತಿನ ಕಾನ್ಸೊಂಗ್.

ಇನ್ನು ಬಳಕೆ. ಹೆಸರು ಕೇಳಿ ಹೂವಿನ ಕೊಂಬೆ ಇಡುವ ಪಾತ್ರೆ ಎಂದು ಬರೆದುಕೊಂಡಿದ್ದರೆ ತಿದ್ದಿಕೊಳ್ಳಿ. ಕೊರಿಯಾದ ಪಶ್ಚಿಮ ಕರಾವಳಿಯ ಮಾದೊ ದ್ವೀಪದ ಹತ್ತಿರ ಮುಳುಗಿದ ಗೊರ್ಯೊ ಹಡಗೊಂದರಲ್ಲಿ ಎರಡು ಮೇಬ್ಯೊಂಗ್ ಸಿಕ್ಕವು, ಜೊತೆಗೆ ವಿಳಾಸ ಬರೆದ ಬಿದಿರಿನ ಪಟ್ಟಿಗಳೂ ಸಿಕ್ಕವು. ಒಂದರಲ್ಲಿ ಜೇನುತುಪ್ಪ, ಇನ್ನೊಂದರಲ್ಲಿ ಎಳ್ಳೆಣ್ಣೆ, ರಾಜಧಾನಿಯ ಒಬ್ಬ ಸೇನಾಧಿಕಾರಿಯ ಮನೆಗೆ. ಆ ಪಟ್ಟಿಯಲ್ಲಿ ಪಾತ್ರೆಯನ್ನು ಮೇಬ್ಯೊಂಗ್ ಎಂದು ಕರೆದಿಲ್ಲ, 'ಜುನ್' ಎಂದು ಬರೆದಿದ್ದಾರೆ.