ಕನ್ನಡ ಕಡತ ತೆರೆದರೆ ಪೌಂಡ್ ಚಿಹ್ನೆ ಯಾಕೆ ಕಾಣುತ್ತದೆ?

ಹಳೆಯ ವರ್ಡ್ ಕಡತ ತೆರೆದಾಗ ಕನ್ನಡವೇ ಕಾಣದು. ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆ. ‘ಫೈಲ್ ಕರಪ್ಟ್ ಆಗೇತ್ರಿ, ಮತ್ತ ಟೈಪ್ ಮಾಡಸ್ರಿ’ ಎನ್ನುವ ಮಾತನ್ನು ಹುಬ್ಬಳ್ಳಿ-ಧಾರವಾಡದಲ್ಲಿ ಪಿಎಚ್‌ಡಿ ಮಾಡಿದವರು, ಪುಸ್ತಕ ಮಾಡಿಸಿದವರು ಬಹಳ ಜನ ಕೇಳಿದ್ದಾರೆ. ಆದರೆ ಇಂಥ ಹೆಚ್ಚಿನ ಕಡತಗಳು ಕೆಟ್ಟಿರುವುದೇ ಇಲ್ಲ. ಒಂದು ಒತ್ತಕ್ಷರವೂ ಕಳೆದಿರುವುದಿಲ್ಲ. ಸುಮ್ನೆ ಎಸೆದುಬಿಡುವ ಮೊದಲು ಇದರ ಹಿನ್ನೆಲೆ ತಿಳಿಯಬೇಕು.

ಆಗಿನ ಫಾಂಟುಗಳಲ್ಲಿ ಹೆಚ್ಚೆಂದರೆ 256 ಜಾಗ ಇರುತ್ತಿತ್ತು. ಅದರಲ್ಲೂ ಕೆಲವನ್ನು ಕಂಪ್ಯೂಟರ್ ತನಗೇ ಇಟ್ಟುಕೊಳ್ಳುತ್ತಿತ್ತು. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿಸಿದರೆ ಕನ್ನಡದ ರೂಪಗಳು ಅಷ್ಟರಲ್ಲಿ ಹಿಡಿಯುವುದಿಲ್ಲ. ಅದಕ್ಕೆ ಅಕ್ಷರಗಳನ್ನು ತುಂಡು ಮಾಡಿದರು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಆ ತುಂಡುಗಳನ್ನು ಕೂರಿಸಿದರು. ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಫಾಂಟಿನಲ್ಲಿ ‘ಕ’ ಎಂದರೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಗೀಟಿರುವ ಎ. ಪಿ ಎಂಬುದು ಕ-ದ ಮೈ, ಎ ಎಂಬುದು ತಲೆಕಟ್ಟು. ‘ನ’ ಎಂದರೆ ಪೌಂಡ್ ಚಿಹ್ನೆ ಮತ್ತು ಅದೇ ತಲೆಕಟ್ಟು. ಫಾಂಟ್ ಇದ್ದರೆ ‘ಕನ್ನಡ’ ಕಾಣುತ್ತದೆ. ಇಲ್ಲದಿದ್ದರೆ ಒಳಗಿನ ಪಿ, ಎ, ಪೌಂಡ್ ಹೊರಗೆ ಬರುತ್ತವೆ. ಕಂಪ್ಯೂಟರಿನ ಲೆಕ್ಕಕ್ಕೆ ಅದು ಯಾವತ್ತೂ ಕನ್ನಡ ಆಗಿರಲೇ ಇಲ್ಲ.

ತುಂಡು ಮಾಡುವ ಕ್ರಮವೂ ಒಬ್ಬೊಬ್ಬರದು ಒಂದೊಂದು. ಪುಣೆಯ ಶ್ರೀಲಿಪಿ ಸಾಫ್ಟ್‌ವೇರಿನದು ಒಂದು, ಬೆಂಗಳೂರಿನ ಆಕೃತಿಯದು ಇನ್ನೊಂದು. 1998ರಲ್ಲಿ ‘ಬರಹ’ ಎಂಬ ಸಾಫ್ಟ್‌ವೇರ್ ಬಂತು. ಮುಂದೆ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ನುಡಿ ತಂದಿತು. ಕಚೇರಿಗಳಲ್ಲಿ, ಜಾಬ್ ಟೈಪಿಂಗ್ ಅಂಗಡಿಗಳಲ್ಲಿ ನುಡಿಯೇ ನೆಲೆಯೂರಿತು.

ಹಾಗೆ ನೋಡಿದರೆ ಪರಿಹಾರ ಮೊದಲೇ ಇತ್ತು. ಅದೇ ಯುನಿಕೋಡ್, ಬೇರೆ ಬೇರೆ ಭಾಷೆಗಳ ಅಕ್ಷರಗಳಿಗೆ ಅವುಗಳದೇ ಸಂಖ್ಯೆ ಕೊಡುವ ವ್ಯವಸ್ಥೆ. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರದೇ ಜಾಗ ಸಿಕ್ಕಿತ್ತು. ವಿಂಡೋಸ್‌ನಲ್ಲಿ ತುಂಗಾ ಫಾಂಟಿನ ಜೊತೆ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅದನ್ನೂ ಸೆಟಿಂಗ್‌ಗೆ ಹೋಗಿ ಬೇರೆಯಾಗಿ ಆನ್ ಮಾಡಬೇಕಿತ್ತು. ಮಾಡದಿದ್ದರೆ ಒತ್ತು ಬೇರೆ, ಅಕ್ಷರ ಬೇರೆ. ‘ಯುನಿಕೋಡ್ ಸರಿ ಬರಲ್ಲ’ ಎಂಬ ಹೆಸರು ಬರಲು ಇದೂ ಒಂದು ಕಾರಣ ಇರಬೇಕು.

ಇನ್ನೊಂದು ಕಾರಣ ಪೇಜ್‌ಮೇಕರ್. ಮುದ್ರಣ ಕಾಶಿ ಎಂದೇ ಹೆಸರಾದ ಗದಗಿನಂಥ ಊರಿಗೆ ಪುಟ ಕಟ್ಟುವ ಸಾಫ್ಟ್‌ವೇರ್ ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದು ಕೊನೆಯವರೆಗೂ ಯುನಿಕೋಡ್ ಕಲಿಯಲಿಲ್ಲ. ಅದನ್ನೇ ನಂಬಿದ ಪ್ರೆಸ್ಸುಗಳು ಹಳೆಯ ಫಾಂಟು ಬಿಡುವ ಹಾಗೇ ಇರಲಿಲ್ಲ. ಪ್ರೆಸ್ಸಿಗೆ ನುಡಿಯಲ್ಲಿ ಬೇಕೆಂದರೆ ಲೇಖಕರೂ ನುಡಿಯಲ್ಲೇ ಕೊಡಬೇಕಲ್ವಾ? ಆಪರೇಟರುಗಳನ್ನು ದೂರಿ ಏನೂ ಫಲವಿಲ್ಲ.

ಈಗ ಸರಿಪಡಿಸುವ ಮಾತು. ಕಡತ ಓದಿದರೆ ಸಾಕು ಎನ್ನುವವರು ಮೊದಲು ಫಾಂಟಿನ ಹೆಸರು ನೋಡಿ. ಪಠ್ಯದ ಮೇಲೆ ಕರ್ಸರ್ ಇಟ್ಟರೆ, ಫಾಂಟ್ ಇಲ್ಲದಿದ್ದರೂ ಅದರ ಹೆಸರನ್ನು ವರ್ಡ್ ತೋರಿಸುತ್ತದೆ. ಅದೇ ಫಾಂಟ್ ಹಾಕಿದರೆ ಕನ್ನಡ ಕಣ್ಣಿಗೆ ಬೀಳುತ್ತದೆ.

ಹುಡುಕಲು, ಮೊಬೈಲಿನಲ್ಲಿ ಓದಲು, ಮುಂದಿನವರಿಗೆ ದಾಟಿಸಲು ಅದು ಸಾಲದು. ಯುನಿಕೋಡ್‌ಗೆ ಬದಲಿಸಲೇಬೇಕು. ಇದಕ್ಕೆ ಉಚಿತ ಪರಿವರ್ತಕಗಳಿವೆ. ಆದರೆ ಪರಿವರ್ತಕದ ಮೇಲೆ ಪೂರ್ತಿ ಭಾರ ಹಾಕಬೇಡಿ. ಹಳೆಯ ಫಾಂಟಿನಲ್ಲಿ ‘ಧರ್ಮ’ ಬರೆಯುವಾಗ ಅರ್ಕಾವೊತ್ತು ಮ-ದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಒಳ್ಳೆಯ ಪರಿವರ್ತಕ ಇದನ್ನು ತಿರುಗಿಸಿ ಕೂರಿಸುತ್ತದೆ. ಆದರೂ ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗಬಹುದು, ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗಬಹುದು. ನಡುವೆ ಇರಬೇಕಾದ ಕಣ್ಣಿಗೆ ಕಾಣದ ಒಂದು ಸಂಕೇತ ಬಿಟ್ಟುಹೋದದ್ದರ ಫಲ ಅದು. ಕಡತದಲ್ಲಿ ನಿಜವಾದ ಇಂಗ್ಲಿಷ್ ಪದಗಳಿದ್ದರೆ, ಫಾಂಟ್ ನೋಡದ ಪರಿವರ್ತಕ ಅವನ್ನೂ ಕನ್ನಡ ಎಂದೇ ತಿಳಿದು ಕಲಸಿಬಿಡುತ್ತದೆ. ಪ್ರಬಂಧದ ಗ್ರಂಥಸೂಚಿಯನ್ನು ಅದಕ್ಕೇ ಬೇರೆಯಾಗಿ ತಿದ್ದಬೇಕು.

ವರ್ಡ್ ಕೂಡ ಹಿಂದೆ ಕೆಲವು ತಪ್ಪು ಸೇರಿಸಿರಬಹುದು. ವಾಕ್ಯದ ಮೊದಲ ಅಕ್ಷರ ದೊಡ್ಡದು ಮಾಡುವ ಆಟೋ ಕರೆಕ್ಟ್ ಇದೆಯಲ್ಲ, ಅದು ಸಣ್ಣ ಕ್ಯೂ ಕಂಡರೆ ದೊಡ್ಡ ಕ್ಯೂ ಮಾಡುತ್ತದೆ. ನುಡಿಯಲ್ಲಿ ಸಣ್ಣದು ‘ಡ’, ದೊಡ್ಡದು ‘ಕಿ’. ಹೀಗೆ ಹುಟ್ಟಿದ ತಪ್ಪನ್ನು ಯಾವ ಪರಿವರ್ತಕವೂ ಹಿಡಿಯದು. ಓದಿಯೇ ಹಿಡಿಯಬೇಕು.

ಯುನಿಕೋಡ್ ಆದ ಮೇಲೂ ಒತ್ತಕ್ಷರದ ಬುಡ ಕತ್ತರಿಸಿದಂತೆ ಕಂಡರೆ ಪ್ಯಾರಾಗ್ರಾಫ್ ಸೆಟಿಂಗ್‌ನಲ್ಲಿ ಸಾಲಿನ ಅಂತರ ‘ಎಕ್ಸಾಕ್ಟ್‌ಲಿ’ ಇದೆಯೇ ನೋಡಿ, ‘ಸಿಂಗಲ್’ ಮಾಡಿ. ಹೊಸ ವಿಂಡೋಸ್‌ನಲ್ಲಿ ತುಂಗಾ ಕಾಣದಿದ್ದರೆ ಐಚ್ಛಿಕ ಸೌಲಭ್ಯಗಳಲ್ಲಿ ಕನ್ನಡದ ಹೆಚ್ಚುವರಿ ಫಾಂಟು ಹಾಕಿಕೊಳ್ಳಬಹುದು. ಲಿಬ್ರೆ ಆಫೀಸ್ ಬಳಸುವವರು 5.3 ಅಥವಾ ನಂತರದ್ದನ್ನು ಇಟ್ಟುಕೊಳ್ಳಿ. 2017ರ ಆ ಆವೃತ್ತಿಯಿಂದ ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಎಂಬ ಸಾಫ್ಟ್‌ವೇರ್ ಮಾಡುತ್ತದೆ. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಒತ್ತುಗಳು ಒಂದೇ ರೀತಿ ಕೂರುತ್ತವೆ.

ಹಳೆಯ ಪುಸ್ತಕ, ಪ್ರಬಂಧಗಳ ಕಡತ ಯಾರ ಬಳಿ ಇದ್ದರೂ ಒಂದು ವಿನಂತಿ. ಬದಲಿಸಿದ ಮೇಲೂ ಮೂಲ ಕಡತ ಅಳಿಸಬೇಡಿ. ಅದರ ಫಾಂಟನ್ನೂ ಅದೇ ಫೋಲ್ಡರಿನಲ್ಲಿ ಇಡಿ. ಪರಿವರ್ತನೆಯಲ್ಲಿ ಯಾವುದಾದರೂ ಪದದ ಮೇಲೆ ಅನುಮಾನ ಬಂದರೆ ಹೋಲಿಸಿ ನೋಡಲು ಅವೆರಡೂ ಬೇಕಾಗುತ್ತವೆ.