ಭೇದಿ ನಿಂತ ಮೇಲೂ ಮಗುವಿನ ಮೇಲೆ ಕಣ್ಣಿರಲಿ

"ಭೇದಿ ನಿಂತು ಎರಡು ದಿನ ಆಯ್ತು ಡಾಕ್ಟ್ರೇ, ಆದ್ರೆ ಮಗು ಯಾಕೋ ಮಂಕಾಗಿದೆ." ಮಕ್ಕಳ ಕಿಡ್ನಿ ವೈದ್ಯನಾದ ನನಗೆ ಈ ಮಾತು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಭೇದಿಯಲ್ಲಿ ರಕ್ತ ಹೋಗಿತ್ತು ಎಂದರಂತೂ ಇನ್ನೂ ಜಾಸ್ತಿ. ಕೂಡಲೇ ಕೇಳುತ್ತೇನೆ, "ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ?" ಬಹಳ ಸಲ ತಂದೆ ತಾಯಿಗೆ ನೆನಪಿರುವುದಿಲ್ಲ. ಅದು ಅವರ ತಪ್ಪಲ್ಲ. ಅಷ್ಟು ದಿನವೂ ಎಲ್ಲರೂ ಭೇದಿಯನ್ನೇ ನೋಡುತ್ತಿದ್ದರು, ಅಲ್ವಾ?

ಇ. ಕೋಲೈ ಬ್ಯಾಕ್ಟೀರಿಯಾ ಎಲ್ಲರ ಕರುಳಲ್ಲೂ ಇರುತ್ತದೆ. ಹೆಚ್ಚಿನವು ತಮ್ಮ ಪಾಡಿಗೆ ಇರುತ್ತವೆ. ಕೆಲವು ಬಗೆ ಮಾತ್ರ ಶಿಗಾ ಎಂಬ ವಿಷ ತಯಾರಿಸುತ್ತವೆ. 1897ರಲ್ಲಿ ರಕ್ತಭೇದಿಯ ಬ್ಯಾಕ್ಟೀರಿಯಾ ಕಂಡುಹಿಡಿದ ಜಪಾನಿನ ಕಿಯೋಶಿ ಶಿಗಾ ಅವರಿಂದ ಬಂದ ಹೆಸರು ಇದು. ಇಂಥ ಇ. ಕೋಲೈಗಳಲ್ಲಿ ಹೆಚ್ಚು ಹೆಸರಾದದ್ದು ಒ157:ಎಚ್7. ಅದು ಬೆಳಕಿಗೆ ಬಂದದ್ದು 1982ರಲ್ಲಿ, ಅಮೆರಿಕದಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್ ತಿಂದವರಿಗೆ ರಕ್ತಭೇದಿ ಆದಾಗ.

ದನದ ಕರುಳು ಇದರ ಮನೆ. ದನಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಸಗಣಿಯಿಂದ ಅದು ನೀರಿಗೆ, ಸೊಪ್ಪಿಗೆ, ಕಾಯಿಸದ ಹಾಲಿಗೆ ಸೇರುತ್ತದೆ. ಮಾಂಸದ ಇಡೀ ತುಂಡಾದರೆ ಬ್ಯಾಕ್ಟೀರಿಯಾ ಹೆಚ್ಚಾಗಿ ಮೇಲ್ಮೈಯಲ್ಲೇ ಇರುತ್ತದೆ. ಕೊಚ್ಚಿದಾಗ ಒಳಗೆಲ್ಲ ಹರಡುತ್ತದೆ. ಅದಕ್ಕೇ ಕೊಚ್ಚಿದ ಮಾಂಸ ನಡುವಿನಲ್ಲೂ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟು ಬೇಯಬೇಕು.

ಮಾಂಸ ತಿನ್ನದವರು ನಿಶ್ಚಿಂತರಾಗಿರುವ ಹಾಗೂ ಇಲ್ಲ. 2011ರಲ್ಲಿ ಜರ್ಮನಿಯಲ್ಲಿ ಇದರದೇ ಇನ್ನೊಂದು ಬಗೆ, ಒ104:ಎಚ್4, ಹಸಿ ಮೊಳಕೆಯಿಂದ ಹರಡಿತು. ಮೆಂತ್ಯದ ಬೀಜದವರೆಗೂ ಅದರ ಜಾಡು ಹಿಡಿದರು. 3,800ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. 800ಕ್ಕೂ ಹೆಚ್ಚು ಮಂದಿಯ ಕಿಡ್ನಿಗೆ ಪೆಟ್ಟಾಯಿತು. 50ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಮೊಳಕೆಗೆ ಬೇಕಾದ ಬಿಸುಪು, ತೇವ ಬ್ಯಾಕ್ಟೀರಿಯಾಕ್ಕೂ ಹಿತ. ಸುಮ್ನೆ ತೊಳೆದರೆ ಅದು ಹೋಗುವುದಿಲ್ಲ, ಬೇಯಿಸಬೇಕು.

ತಿಂದ ಮೂರು ನಾಲ್ಕು ದಿನಕ್ಕೆ ಕಾಯಿಲೆ ಶುರುವಾಗುತ್ತದೆ. ಹಾಗಾಗಿ ನಿನ್ನೆಯ ಊಟವನ್ನು ದೂರುವವರೇ ಹೆಚ್ಚು. ಮೊದಲು ಹಿಂಡುವ ಹೊಟ್ಟೆನೋವು, ನೀರುಭೇದಿ. ಒಂದೆರಡು ದಿನದಲ್ಲಿ ದೊಡ್ಡ ಕರುಳಿನ ಒಳಪದರ ಊದಿ, ಹುಣ್ಣಾಗಿ, ರಕ್ತ ಕಾಣಿಸುತ್ತದೆ. ಜ್ವರ ಅಷ್ಟಾಗಿ ಇರುವುದಿಲ್ಲ. ಜ್ವರ ಇಲ್ಲವಲ್ಲ ಎಂದು ಸುಮ್ಮನಿರುವುದೇ ಅಪಾಯ.

ಕರುಳಿನಿಂದ ವಿಷ ರಕ್ತಕ್ಕೆ ಇಳಿಯುತ್ತದೆ. ಕಿಡ್ನಿಯ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಅಲ್ಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದರಲ್ಲೇ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಖರ್ಚಾಗಿ ಕಡಿಮೆಯಾಗುತ್ತವೆ. ಆ ಇಕ್ಕಟ್ಟಿನಲ್ಲಿ ನುಸುಳುವ ಕೆಂಪು ಕಣಗಳು ಹರಿದು ಚೂರಾಗುತ್ತವೆ. ಮಗು ಬಿಳಿಚಿಕೊಳ್ಳುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಇದನ್ನು ಹಿಮೋಲಿಟಿಕ್ ಯುರೀಮಿಕ್ ಸಿಂಡ್ರೋಮ್ ಎನ್ನುತ್ತಾರೆ. ಒ157 ಸೋಂಕು ಖಚಿತವಾದವರಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಹೀಗಾಗುತ್ತದೆ, ಐದು ವರ್ಷದೊಳಗಿನ ಮಕ್ಕಳಿಗೆ ಜಾಸ್ತಿ. ಇದು ಕಾಣಿಸುವುದು ಭೇದಿ ಶುರುವಾದ ಸುಮಾರು ಒಂದು ವಾರಕ್ಕೆ. ಅಂದರೆ ಭೇದಿ ಇಳಿದು, ಮನೆಯವರು ಸದ್ಯ ಮುಗಿಯಿತು ಎಂದು ಉಸಿರು ಬಿಡುವ ಹೊತ್ತಿಗೆ.

ಮಲದಲ್ಲಿ ರಕ್ತ ಕಂಡ ಮಗುವಿಗೆ ದಯವಿಟ್ಟು ಭೇದಿ ನಿಲ್ಲಿಸುವ ಮಾತ್ರೆ ಕೊಡಬೇಡಿ. ವಿಷ ಕರುಳಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಕೂಡ ಬೇಡ. ಶಿಗೆಲ್ಲಾದಂಥ ಬೇರೆ ಬ್ಯಾಕ್ಟೀರಿಯಾದಿಂದ ಬರುವ ರಕ್ತಭೇದಿಗೆ ಆ್ಯಂಟಿಬಯೋಟಿಕ್ ಬೇಕಾಗುತ್ತದೆ, ನಿಜ. ಆದರೆ ಈ ಇ. ಕೋಲೈಗೆ ಕೊಟ್ಟರೆ ಇನ್ನಷ್ಟು ವಿಷ ಹೊರಬರಬಹುದು. ಯಾವುದು ಎಂದು ಹೇಳಬೇಕಾದದ್ದು ಮಲದ ಪರೀಕ್ಷೆ. ಐಬುಪ್ರೊಫೆನ್ ಕಿಡ್ನಿಗೆ ಭಾರ, ಅದೂ ಬೇಡ. ಬೇಗ ಬಂದ ಮಗುವಿಗೆ ರಕ್ತನಾಳದ ಮೂಲಕ ದ್ರವ ಕೊಟ್ಟರೆ ಕಿಡ್ನಿಗೆ ಎಷ್ಟೋ ರಕ್ಷಣೆ ಸಿಗುತ್ತದೆ. ಆಮೇಲೆ ಕೆಲವು ದಿನ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ನೋಡುತ್ತಲೇ ಇರುತ್ತೇವೆ.

ಸಿಂಡ್ರೋಮ್ ಬಂದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸ್ವಲ್ಪ ಕಾಲ ಡಯಾಲಿಸಿಸ್ ಬೇಕಾಗುತ್ತದೆ. ಆ ಮಾತು ಕೇಳಿ ತಾಯಂದಿರು ಕುಸಿದು ಕೂರುವುದನ್ನು ನೋಡಿದ್ದೇನೆ. ಅವರಿಗೆ ಹೇಳುವುದು ಇಷ್ಟೇ: ಹೆಚ್ಚಿನ ಮಕ್ಕಳ ಕಿಡ್ನಿ ಮತ್ತೆ ಕೆಲಸ ಶುರುಮಾಡುತ್ತದೆ. ಮನೆಗೆ ಹೋದ ಮೇಲೂ ಕೆಲವು ವರ್ಷ, ವರ್ಷಕ್ಕೊಮ್ಮೆಯಾದರೂ ಮಗುವನ್ನು ಕರೆತನ್ನಿ. ಬಿಪಿ ಏರಿದೆಯೇ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ನೋಡಬೇಕು.